ಹನ್ನೆರಡು ವೋಲ್ಟಿನ ಮನೆ

"ಎಲ್‌ಸಿ ತಗೊಂಡ್ಯಾ?"

ಓಮ್ನಿಯ ಹಿಂಬಾಗಿಲು ಎತ್ತಿ, ತಲೆ ಒಳಗೆ ತೂರಿಸಿ, ಇನ್ನೇನು ತಂತಿಗೆ ಕೈ ಹಾಕಬೇಕು ಅನ್ನುವಷ್ಟರಲ್ಲಿ ಬೆನ್ನ ಹಿಂದಿನಿಂದ ಮಾವನ ದನಿ. ಕೈ ಹಿಂದಕ್ಕೆಳೆದುಕೊಂಡೆ. ಬ್ಯಾಟರಿ ಪೆಟ್ಟಿಗೆಯ ಪಕ್ಕದ ಫ್ಯೂಸು ಕಿತ್ತು ಅವರ ಕೈಗೆ ಕೊಟ್ಟೆ. ಅದನ್ನು ಅಂಗಿ ಜೇಬಿಗೆ ಹಾಕಿಕೊಂಡು, ಜೇಬನ್ನು ಒಮ್ಮೆ ತಟ್ಟಿ ನೋಡಿಕೊಂಡು, "ಹ್ಞಾಂ, ಈಗ ಮುಟ್ಟು" ಅಂದರು.

ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಆ ಫೀಡರಿನಲ್ಲಿ ಕರೆಂಟು ತೆಗೆದಿದ್ದಾರೆ ಎಂದು ಸ್ಟೇಷನ್ನಿನಿಂದ ಖಾತ್ರಿಯಾಗುವ ತನಕ ಲೈನ್‌ಮನ್ ಕಂಬ ಹತ್ತುವ ಹಾಗಿಲ್ಲ. ನನ್ನ ಸೋದರಮಾವ 1983ರಿಂದ 2019ರವರೆಗೆ, 36 ವರ್ಷ, ಸಾಗರದ ಸುತ್ತಮುತ್ತ ಕಂಬ ಹತ್ತಿದವರು. ಸೇರಿದಾಗ ಅದು ಕೆಇಬಿ, ರಾಜ್ಯದ ವಿದ್ಯುತ್ ಮಂಡಳಿ. 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಮೆಸ್ಕಾಂ. ಊರವರ ಬಾಯಲ್ಲಿ ಮಾತ್ರ ಅವರು ಕೊನೆಯ ದಿನದವರೆಗೂ ಕೆಇಬಿಯವರೇ. 11 ಸಾವಿರ ವೋಲ್ಟಿನ ಲೈನಿಗೆ ಜಂಪರ್ ಕಟ್ಟಿದ ಕೈಯಿಂದ ಈಗ 12 ವೋಲ್ಟಿನ ಮನೆಯೊಂದು ಏಳುತ್ತಿತ್ತು, ಅವರದೇ ಅಂಗಳದಲ್ಲಿ, ಅಡಿಕೆ ಸುಲಿಯುವ ತಗಡಿನ ಮಾಡಿನ ಕೆಳಗೆ.

ಹೊರಗೆ ಆಗಸ್ಟಿನ ಮಳೆ. ತಗಡಿನ ಮೇಲೆ ಬೀಳುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಕೂಗಬೇಕು. ಮಾಡಿನ ಅಂಚಿನಿಂದ ನೀರು ಹಗ್ಗದ ಹಾಗೆ ಇಳಿಯುತ್ತಿತ್ತು. ನಡುವೆ ಬಿಳಿ ಓಮ್ನಿ, 2014ರ ಮಾಡೆಲ್ಲು. ಮದುವೆ ಮನೆಗಳಿಗೆ ಕ್ಯಾಮೆರಾ, ಲೈಟು ಹೊತ್ತು ತಿರುಗಿ ಬಂದದ್ದು. ಹಿಂದಿನ ಗಾಜಿನ ಮೇಲೆ ಸ್ಟುಡಿಯೋ ಹೆಸರಿನ ಅಂಟು ಇನ್ನೂ ಅರ್ಧ ಉಳಿದಿತ್ತು. ನಮ್ಮ ಕಡೆ ಓಮ್ನಿ ಮಾಡದ ಕೆಲಸವಿಲ್ಲ. ಶಾಲೆ ಮಕ್ಕಳನ್ನು ತುಂಬಿಕೊಂಡು ಹೋಗುವುದೂ ಅದೇ, ಬಾಣಂತಿಯನ್ನು ಆಸ್ಪತ್ರೆಯಿಂದ ಕರೆತರುವುದೂ ಅದೇ, ಸಂತೆಗೆ ಬಾಳೆಗೊನೆ ಹೊರುವುದೂ ಅದೇ. 1984ರಿಂದ 2019ರವರೆಗೆ ತಯಾರಾದ ಈ ಬಂಡಿಯ ಎಂಜಿನ್ನು 796 ಸಿಸಿ, ಅದೂ ಮುಂದಿನ ಸೀಟಿನ ಅಡಿಗೆ. ಇಷ್ಟು ಸಣ್ಣ ಎಂಜಿನ್ನಿನ ಮೇಲೆ ಮನೆ ಹೊರಿಸುವುದಾದರೆ ಒಂದೊಂದು ಕಿಲೋಗೂ ಲೆಕ್ಕ ಇಡಲೇಬೇಕು.

ಮೊದಲು ಮಾವ ಹೊರಿಸಹೊರಟದ್ದು ಮನೆಯ ಯುಪಿಎಸ್‌ನ ಟ್ಯೂಬ್ಯುಲರ್ ಬ್ಯಾಟರಿಯನ್ನು. 150 ಆಂಪಿಯರ್ ಅವರ್‌ನದು. ನಾವಿಬ್ಬರೂ ಸೇರಿ ಅದನ್ನು ಜಗುಲಿಯಿಂದ ಅಂಗಳಕ್ಕೆ ಇಳಿಸುವಷ್ಟರಲ್ಲಿ ಸೊಂಟ ಹಿಡಿಯಿತು. 55 ಕಿಲೋ ಹತ್ತಿರ. ಅದರಲ್ಲೂ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಕರಗುತ್ತದೆ. 1800 ವಾಟ್ ಅವರ್ ಅಂತ ಲೆಕ್ಕ ಇದ್ದರೂ ಕೈಗೆ ಸಿಗುವುದು 900. ಚಾರ್ಜಿನ ಹೊತ್ತಿಗೆ ಜಲಜನಕ ಬಿಡುತ್ತದೆ. ಮಲಗುವ ಜಾಗದಲ್ಲಿ ಅದು ಬೇಡ. ನಾನು ಬೆಂಗಳೂರಿನಿಂದ ತಂದಿದ್ದ ನಾಲ್ಕು ನೀಲಿ ಸೆಲ್ಲುಗಳನ್ನು ಮೇಜಿನ ಮೇಲಿಟ್ಟೆ. ಒಂದೊಂದು ಸುಮಾರು 2 ಕಿಲೋ, ದಪ್ಪ ಪುಸ್ತಕದಷ್ಟು ಗಾತ್ರ. ಮಾವ ಒಂದನ್ನು ಅಂಗೈಯಲ್ಲಿ ಎತ್ತಿ ತೂಗಿದರು, ಸಂತೆಯಲ್ಲಿ ಬೆಲ್ಲದ ಅಚ್ಚು ತೂಗುವ ಹಾಗೆ. "ಇಷ್ಟೇಯಾ?"

ಇಷ್ಟೇ. ಲಿಥಿಯಂ ಐರನ್ ಫಾಸ್ಫೇಟ್. ಒಂದು ಸೆಲ್ಲಿಗೆ 3.2 ವೋಲ್ಟು, ನಾಲ್ಕನ್ನು ಸಾಲಾಗಿ ಜೋಡಿಸಿದರೆ 12.8. ಆಂಪಿಯರ್ ಅವರ್ 100. ಗುಣಿಸಿದರೆ 1280 ವಾಟ್ ಅವರ್, ಕೆಇಬಿ ಭಾಷೆಯಲ್ಲಿ ಒಂದೂಕಾಲು ಯೂನಿಟ್ಟು. ಅದರಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಹೆದರದೆ ಬಳಸಬಹುದು. ಮೊಬೈಲು, ಲ್ಯಾಪ್‌ಟಾಪಿನ ಲಿಥಿಯಂ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಇರುವ ಕೋಬಾಲ್ಟ್ ಇದರಲ್ಲಿಲ್ಲ. ಇರುವುದು ಕಬ್ಬಿಣ ಮತ್ತು ರಂಜಕ, ಗೊಬ್ಬರದ ಚೀಲದ ಮೇಲೆ ಓದುವ ಅದೇ ರಂಜಕ. ಅದು ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಬಿಸಿಯಾದರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಬೆಂಕಿಯ ಭಯ ಕಮ್ಮಿ. ತಲೆದಿಂಬಿನ ಅಡಿಗೇ ಬ್ಯಾಟರಿ ಇಟ್ಟುಕೊಂಡು ಮಲಗುವವರಿಗೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ.

ಈ ವಸ್ತುವನ್ನು ಬ್ಯಾಟರಿಗೆ ಹೊಂದಿಸಬಹುದು ಎಂದು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ 1997ರಲ್ಲಿ ಸಂಶೋಧನಾ ಲೇಖನ ಬಂತು. ಮೂವರು ಲೇಖಕರು. ಒಬ್ಬರು ಜಾನ್ ಗುಡ್‌ಇನಫ್. 2019ರಲ್ಲಿ, ತಮ್ಮ 97ನೇ ವಯಸ್ಸಿನಲ್ಲಿ, ಲಿಥಿಯಂ ಬ್ಯಾಟರಿಯ ಕೆಲಸಕ್ಕೆ ನೊಬೆಲ್ ಹಂಚಿಕೊಂಡವರು. ಇನ್ನಿಬ್ಬರು ಎ. ಕೆ. ಪಾಢಿ ಮತ್ತು ಕೆ. ಎಸ್. ನಂಜುಂಡಸ್ವಾಮಿ. ಕೊನೆಯ ಹೆಸರು ಹೇಳಿದಾಗ ಮಾವ ಕೈಯಲ್ಲಿದ್ದ ಸೆಲ್ಲನ್ನು ಕೆಳಗಿಟ್ಟು, "ಇನ್ನೊಂದ್ಸಲ ಹೇಳು" ಅಂದರು. ಹೇಳಿದೆ. "ನಂಜುಂಡಸ್ವಾಮಿ" ಅಂತ ತಾವೂ ಒಮ್ಮೆ ಅಂದುಕೊಂಡರು. ಆಮೇಲೆ ಅತ್ತೆಯನ್ನು ಕೂಗಿ ಕರೆದು ಅವರಿಗೂ ಹೇಳಿದರು. ನನಗೂ ಆ ಹೆಸರು ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತ್ತು. ಜಗತ್ತಿನ ಬಸ್ಸು, ಕಾರು, ಸೋಲಾರ್ ಮನೆಗಳೊಳಗೆ ಕೂತಿರುವ ಈ ವಸ್ತುವಿನ ಹಿಂದೆ ಇಂಥದೊಂದು ಹೆಸರಿರುವುದು ನಮ್ಮ ಶಾಲೆ ಮಕ್ಕಳಿಗೆ ಗೊತ್ತಾಗಬೇಕು.

ಸೆಲ್ಲುಗಳನ್ನು ಸಾಲಾಗಿ ಕಟ್ಟುವ ಮುಂಚೆ ನಾಲ್ಕನ್ನೂ ಒಂದೇ ಮಟ್ಟಕ್ಕೆ ತರಬೇಕು. ನಾಲ್ಕು ಎತ್ತು ಕಟ್ಟಿದ ಗಾಡಿಯಲ್ಲಿ ಒಂದು ಸೋತರೆ ಗಾಡಿಯೇ ನಿಲ್ಲುವ ಹಾಗೆ, ಒಂದು ಸೆಲ್ಲು ಮೊದಲೇ ತುಂಬಿದರೆ ಕಾವಲಿಗಿರುವ ಬಿಎಂಎಸ್ ಎಂಬ ಸರ್ಕ್ಯೂಟು ಇಡೀ ಬ್ಯಾಟರಿಯ ಚಾರ್ಜು ನಿಲ್ಲಿಸಿಬಿಡುತ್ತದೆ, ಉಳಿದ ಮೂರು ಅರೆಹೊಟ್ಟೆಯಲ್ಲಿದ್ದರೂ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ, 3.65 ವೋಲ್ಟಿಗೆ ಹಿಡಿದು, 10 ಆಂಪಿಯರ್‌ನಲ್ಲಿ ಚಾರ್ಜಿಗೆ ಹಾಕಿದೆವು. ಎರಡು ದಿನ ಹಿಡಿಯಿತು. ಮಾವ ಗಂಟೆಗೊಮ್ಮೆ ಎದ್ದು ಬಂದು ಮೀಟರು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ಸಬ್‌ಸ್ಟೇಷನ್ನಿನ ಲಾಗ್‌ಬುಕ್ಕಿನ ಹಾಗೆ ಗೆರೆ ಎಳೆದು, ಹೊತ್ತು, ವೋಲ್ಟು, ಆಂಪಿಯರ್. ರಾತ್ರಿ ಎರಡು ಗಂಟೆಯದೂ ಇದೆ, ಮೂರರದೂ ಇದೆ.

ಮೂರನೆಯ ದಿನ ಬೆಳಿಗ್ಗೆ ಆದದ್ದನ್ನು ಹೇಳಲೇಬೇಕು. ಸೆಲ್ಲುಗಳನ್ನು ಸಾಲಾಗಿ ಜೋಡಿಸಿ, ತಾಮ್ರದ ಪಟ್ಟಿಗಳ ನಟ್ಟು ಬಿಗಿಯುತ್ತಿದ್ದೆವು. ಮಾವ ಬರಿಗೈಯಲ್ಲಿದ್ದರು. "12 ವೋಲ್ಟಿಗೆ ಕೈಗವಸು ಯಾಕೆ ಮಾರಾಯ, ನಾಲಿಗೆಗೆ ಮುಟ್ಟಿಸಿದರೂ ಏನಾಗಲ್ಲ" ಅಂದಿದ್ದರು. ಸ್ಪ್ಯಾನರು ಕೈಜಾರಿತು. ಒಂದು ತುದಿ ಪ್ಲಸ್ಸಿನ ಮೇಲೆ, ಇನ್ನೊಂದು ತುದಿ ಮೈನಸ್ಸಿನ ಮೇಲೆ. ಟಪ್ ಎಂದು ಸದ್ದು, ಕಣ್ಣು ಕೋರೈಸುವ ನೀಲಿ ಬೆಳಕು, ಸುಟ್ಟ ಲೋಹದ ವಾಸನೆ. ಸ್ಪ್ಯಾನರು ಸಿಡಿದು ಅಂಗಳದ ನೀರಿಗೆ ಬಿದ್ದು ಚುಂಯ್ ಅಂದಿತು. ಎತ್ತಿ ನೋಡಿದರೆ ಉಕ್ಕಿನ ಸ್ಪ್ಯಾನರಿನ ಅಂಚಿನಲ್ಲಿ ಇಲಿ ಕಚ್ಚಿದಂತೆ ಒಂದು ಕಚ್ಚು. ವೋಲ್ಟು ಕಮ್ಮಿಯಾದರೆ ಮೈಗೆ ಹೊಡೆಯುವುದಿಲ್ಲ, ನಿಜ. ಆದರೆ ಈ ಸೆಲ್ಲುಗಳ ಒಳಗಿನ ತಡೆ ತೀರಾ ಕಡಿಮೆ. ದಾರಿ ಸಿಕ್ಕರೆ ಸಾವಿರ ಆಂಪಿಯರ್ ಆಸುಪಾಸಿನ ಪ್ರವಾಹ ಒಂದೇ ಉಸಿರಿಗೆ ನುಗ್ಗುತ್ತದೆ. ಬೆರಳಲ್ಲಿ ಉಂಗುರವಿದ್ದು ಅದು ನಡುವೆ ಸಿಕ್ಕಿದ್ದರೆ?

ಮಾವ ತುಂಬ ಹೊತ್ತು ಮಾತಾಡಲಿಲ್ಲ. ಒಳಗೆ ಹೋಗಿ ಉಂಗುರ, ವಾಚು ಬಿಚ್ಚಿಟ್ಟು ಬಂದರು. ಹಳೆಯ ಸೈಕಲ್ ಟ್ಯೂಬು ಹುಡುಕಿ, ತುಂಡು ಕತ್ತರಿಸಿ, ಪ್ರತಿ ಸ್ಪ್ಯಾನರಿಗೂ ಬಾಯಷ್ಟೇ ಬಿಟ್ಟು ಅಂಗಿ ತೊಡಿಸಿದರು. ಎಲ್‌ಸಿ ಕೇಳುವ ಪದ್ಧತಿ ನಮ್ಮ ಅಂಗಳಕ್ಕೆ ಬಂದದ್ದು ಆ ದಿನದಿಂದ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ 30 ಆಂಪಿಯರ್ ಫ್ಯೂಸು ಬಂದದ್ದೂ ಆ ದಿನವೇ. ಕಚ್ಚು ಬಿದ್ದ ಸ್ಪ್ಯಾನರನ್ನು ಅವರು ಎಸೆಯಲಿಲ್ಲ. ಮಾಡಿನ ಕಂಬಕ್ಕೆ ಮೊಳೆ ಹೊಡೆದು ಕಣ್ಣೆದುರಿಗೆ ನೇತುಹಾಕಿದರು.

ಇನ್ನು ಲೋಡಿನ ಲೆಕ್ಕ. ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಮಾವ ಬರೆದದ್ದು ಉದ್ದ ಪಟ್ಟಿ: ಸಣ್ಣ ಫ್ರಿಜ್ಜು, ಮಿಕ್ಸಿ, ಫ್ಯಾನು, ದೀಪ, ನೀರಿನ ಪಂಪು. ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದವರು ಕೇಳಿದರು, "ಫ್ರಿಜ್ಜಿಗೆ ಎಷ್ಟು ಬೇಕು?"

"ದಿನಕ್ಕೆ 350."

"ಫ್ಯಾನಿಗೆ?"

"28 ವಾಟಿಂದು, ರಾತ್ರಿ ಎಂಟು ಗಂಟೆ ಅಂದ್ರೆ 224."

"ಹಂಗಾದ್ರೆ ಫ್ರಿಜ್ಜು ಬೇಡ. ಎರಡು ದಿನದ ದಾರಿಗೆ ಚಟ್ನಿಪುಡಿ ಇದೆ, ಅಪ್ಪೆಮಿಡಿ ಇದೆ, ಹಾಲು ಅಲ್ಲಲ್ಲೇ ಸಿಗತ್ತೆ. ಮಿಕ್ಸಿನೂ ಬೇಡ, ಕುಟ್ಟಾಣಿ ತಗೊಂಡು ಹೋದ್ರಾಯ್ತು. ಫ್ಯಾನು ಮಾತ್ರ ಬಿಡಬೇಡಿ, ಹೊಳೆದಡದ ಸೊಳ್ಳೆ ನಿಮಗೆ ಗೊತ್ತಿಲ್ವ?"

ಮಿಕ್ಸಿ ಹೋದ ಮೇಲೆ 230 ವೋಲ್ಟಿನ ಅಗತ್ಯವೇ ಹೋಯಿತು. ಇನ್ವರ್ಟರಿಗೂ ಕತ್ತರಿ. ಇದು ಸಣ್ಣ ಉಳಿತಾಯವಲ್ಲ: ಏನನ್ನೂ ನಡೆಸದೆ ಸುಮ್ಮನೆ ಆನ್ ಇದ್ದರೂ ಇನ್ವರ್ಟರು 10 ವಾಟ್ ತಿನ್ನುತ್ತಿರುತ್ತದೆ, ದಿನಕ್ಕೆ 240. ರಾತ್ರಿಯಿಡೀ ಫ್ಯಾನು ತಿರುಗುವುದಕ್ಕಿಂತ ಹೆಚ್ಚು! ಉಳಿದದ್ದು ಫ್ಯಾನಿಗೆ 224, ನಾಲ್ಕು ಎಲ್‌ಇಡಿ ಪಟ್ಟಿಗೆ 80, ಮೊಬೈಲು ಮತ್ತು ನನ್ನ ಲ್ಯಾಪ್‌ಟಾಪಿಗೆ 100, ಪಂಪಿಗೆ 15. ಒಟ್ಟು 419. ಬಿಸಿಲೇ ಬರದಿದ್ದರೂ ಎರಡೂವರೆ ದಿನ ನಡೆಯುತ್ತದೆ. ಇಂಥ ಗಾಡಿ ಕಟ್ಟುವವರು ಹೆಚ್ಚಿನವರು ಮೊದಲು ಬ್ಯಾಟರಿ ಕೊಂಡು ಆಮೇಲೆ ಲೆಕ್ಕ ಹಾಕುತ್ತಾರೆ. ನಾವೂ ಹಾಗೇ ಮಾಡಿದ್ದೆವು. ಅಕ್ಕಿ ಆರಿಸುವ ಮೊರದ ಪಕ್ಕದಲ್ಲಿ ಆ ಲೆಕ್ಕ ಸರಿಹೋಯಿತು.

ತಂತಿಯ ವಿಷಯದಲ್ಲಿ ಮಾತ್ರ ಮಾವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 230 ವೋಲ್ಟಿನಲ್ಲಿ ದಾರಿಯಲ್ಲಿ ಒಂದು ವೋಲ್ಟು ಸೋರಿದರೆ ಯಾರಿಗೂ ಗೊತ್ತಾಗುವುದಿಲ್ಲ. 12ರಲ್ಲಿ ಒಂದು ಸೋರಿದರೆ ಹನ್ನೆರಡರಲ್ಲಿ ಒಂದು ಪಾಲೇ ಹೋಯಿತು, ಫ್ಯಾನು ಮುಗ್ಗರಿಸುತ್ತದೆ. ಟೀಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ದೂರದ ತೋಟದ ಮನೆಯಲ್ಲಿ ಸಂಜೆ ಬಲ್ಬು ಕೆಂಪಗೆ ಮಿಣುಕುವುದನ್ನು ಜೀವನವಿಡೀ ನೋಡಿದವರು ಅವರು. ಬೆಂಗಳೂರಿನ ಎಸ್‌ಪಿ ರೋಡಿನಿಂದ ನಾನು ತಂದಿದ್ದ ತಂತಿಯನ್ನು ಬೆರಳಲ್ಲಿ ಹೊಸೆದು ನೋಡಿ, "ಇದು ಬ್ಯಾಟರಿಗೆ ಸಾಲಲ್ಲ, ದೀಪಕ್ಕೆ ಇಟ್ಕೋ" ಅಂದರು. ಮುಖ್ಯ ತಂತಿಗೆ 10 ಚದರ ಮಿಲಿಮೀಟರಿನ ತಾಮ್ರ ಬಂತು.

ಅವರು ತಂತಿಯ ತುದಿಗೆ ಲಗ್ ಒತ್ತುವುದನ್ನು ನೋಡಬೇಕು. ತಂತಿಯ ಸಿಪ್ಪೆಯನ್ನು ಬ್ಲೇಡಿನಿಂದ ಸುತ್ತಲೂ ಗೀರುತ್ತಾರೆ, ಎಳೆಯೊಂದೂ ತುಂಡಾಗದ ಹಾಗೆ. ಸಿಪ್ಪೆ ಜಾರಿಸಿದಾಗ ಒಳಗಿನ ತಾಮ್ರ ಹೊಸ ಕಾಸಿನ ಹಾಗೆ ಹೊಳೆಯುತ್ತದೆ. ಎಳೆಗಳನ್ನು ಅವು ತಿರುಚಿಕೊಂಡಿರುವ ದಿಕ್ಕಿಗೇ ಅರ್ಧ ಸುತ್ತು ತಿರುವಿ, ಲಗ್ಗಿನ ಕೊಳವೆಯೊಳಗೆ ಕೊನೆಯವರೆಗೆ ದೂಡುತ್ತಾರೆ. ಕ್ರಿಂಪಿಂಗ್ ಇಕ್ಕಳ ಹಿಡಿದು, ಮೊಣಕಾಲಿಗೆ ಒಂದು ಹಿಡಿ ಆನಿಸಿ, ಇನ್ನೊಂದನ್ನು ಮೈಭಾರ ಹಾಕಿ ಒತ್ತುತ್ತಾರೆ. ಕಿರ್ರ್ ಎಂದು ಶುರುವಾದ ಸದ್ದು ಟಕ್ ಎಂದು ನಿಲ್ಲುತ್ತದೆ. ಆಮೇಲೆ ಲಗ್ಗನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ತಂತಿಯನ್ನು ಎರಡು ಕೈಯಲ್ಲೂ ಹಿಡಿದು ಹಿಂದಕ್ಕೆ ಜೋತುಬೀಳುತ್ತಾರೆ. ಬಿಟ್ಟುಕೊಂಡರೆ ಕತ್ತರಿಸಿ ಮತ್ತೆ ಮೊದಲಿನಿಂದ. ಜಗ್ಗದಿದ್ದರೆ ಕಪ್ಪು ತೋಳು ತೊಡಿಸಿ ಲೈಟರಿನ ಕಾವು ತೋರಿಸುತ್ತಾರೆ. ಅದು ಕುಗ್ಗಿ ಲಗ್ಗಿಗೆ ಚರ್ಮದ ಹಾಗೆ ಅಂಟಿಕೊಳ್ಳುತ್ತದೆ. ಒಟ್ಟು 22 ಲಗ್ಗು. ಎರಡನ್ನು ಕತ್ತರಿಸಿ ಎಸೆದರು, ಎರಡೂ ನಾನು ಒತ್ತಿದವು.

ಓಮ್ನಿಯ ಮೈಗೆ ಒಂದು ತೂತೂ ಕೊರೆಯಲಿಲ್ಲ, ಒಂದು ವೆಲ್ಡಿಂಗೂ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ್ದಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವ ಹಾಗಿಲ್ಲ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನು ಗಟ್ಟಿಯಾಗಿ ಹೇಳಿದೆ. ಅದಕ್ಕೇ ಹಿಂದಿನ ಸೀಟು ಅಲ್ಲೇ ಇದೆ, ಮಡಚಿಟ್ಟುಕೊಂಡು. ಅದರ ಮೇಲೆ 12 ಮಿಲಿಮೀಟರಿನ ಪ್ಲೈವುಡ್ ಹಲಗೆ, ಮೂರು ತುಂಡು, ಹಿಂಜು ಹಾಕಿದ್ದು. ಬಿಚ್ಚಿದರೆ ಮಂಚ, ಮಡಚಿದರೆ ಅಡುಗೆ ಕಟ್ಟೆ. ಮುಂದಿನ ಸೀಟು ಪೂರ್ತಿ ಮುಂದಕ್ಕೆ ತಳ್ಳಿದರೆ ಮಾವನ ಕಾಲು ಚಾಚುವಷ್ಟು ಉದ್ದ. ಬ್ಯಾಟರಿ ಪೆಟ್ಟಿಗೆ ಹಿಂಬಾಗಿಲ ಹತ್ತಿರ, ಎಂಜಿನ್ನಿನ ಕಾವಿನಿಂದ ಎಷ್ಟು ದೂರ ಆಗುತ್ತದೋ ಅಷ್ಟು. ಸೋಲಾರ್ ಹಲಗೆಗಳು ಎರಡು, ತಲಾ 100 ವಾಟಿನವು, ಮೇಲಿನ ಕ್ಯಾರಿಯರಿಗೆ ಬೋಲ್ಟು ಹಾಕಿ ಕೂರಿಸಿದ್ದು. ಅವುಗಳ ತಂತಿ ಹಿಂಬಾಗಿಲ ರಬ್ಬರ್ ಬೀಡಿಂಗಿನ ಸಂದಿಯಲ್ಲೇ ಒಳಗೆ ಇಳಿಯುತ್ತದೆ. ಎಲ್ಲವನ್ನೂ ಅರ್ಧ ಗಂಟೆಯಲ್ಲಿ ಬಿಚ್ಚಿ ಕೆಳಗಿಡಬಹುದು. ಕಿಟಕಿಗೆ ಅತ್ತೆಯ ಹಳೆಯ ಇಳಕಲ್ ಸೀರೆಯ ಪರದೆ. ಒಲೆ ಗ್ಯಾಸಿನದೇ, 5 ಕಿಲೋ ಸಿಲಿಂಡರು, ಉರಿಸುವುದು ಕೆಳಗಿಳಿಸಿ ಬಯಲಲ್ಲಿ ಮಾತ್ರ.

ದಾರಿಯಲ್ಲಿ ಓಡುವಾಗ ಎಂಜಿನ್ನಿನಿಂದಲೂ ಒಂದಿಷ್ಟು ಚಾರ್ಜು ಸಿಗುತ್ತದೆ. ನೇರವಾಗಿ ಜೋಡಿಸಿದರೆ ಲಿಥಿಯಂ ಬಾಯಾರಿದ ದನದ ಹಾಗೆ ಎಳೆದುಕೊಳ್ಳುತ್ತದೆ, ಓಮ್ನಿಯ ಸಣ್ಣ ಆಲ್ಟರ್ನೇಟರು ಕಾದು ಸುಟ್ಟುಹೋದೀತು. ನಡುವೆ 10 ಆಂಪಿಯರ್‌ಗೆ ಮಿತಿ ಹಾಕುವ ಚಾರ್ಜರೊಂದು ಇಟ್ಟೆವು.

ಆ ಮಳೆಗಾಲವಿಡೀ ಸೋಲಾರ್ ಹಲಗೆಗಳನ್ನು ಅಂಗಳಕ್ಕೆ ಹಾಕಿ ಮಾವ ದಿನದ ಹುಟ್ಟುವಳಿ ಬರೆದರು. ಒಂದು ದಿನ 96 ವಾಟ್ ಅವರ್. ಒಂದು ದಿನ 130. ಒಂದು ದಿನ ಮೋಡ ಸರಿದು ಮಧ್ಯಾಹ್ನ ಬಿಸಿಲು ಬಂದು 410. ಆ ಅಂಕಿಗೆ ಅಡಿಗೆರೆ ಇದೆ. ಹಲಗೆಯ ಒಂದು ಮೂಲೆಗೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಹಲಗೆಯ ಕರೆಂಟು ಕುಸಿಯುವುದನ್ನು ಕಂಡು, ಅದನ್ನೂ ಬರೆದಿಟ್ಟರು: "ನೆರಳು ಒಂದು ಗೇಣು, ನಷ್ಟ ಅರ್ಧ."

ಓಮ್ನಿ ಹೊರಟದ್ದು ಏಪ್ರಿಲ್‌ನಲ್ಲಿ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಾವ ಹುಟ್ಟಿದ ಊರು ಶರಾವತಿಯ ಹಿನ್ನೀರಿನ ಅಡಿಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಅವರಿಗೆ ಐದು ವರ್ಷ. ಲಾರಿಯ ಮೇಲೆ ಪಾತ್ರೆ, ಕರು, ಅಜ್ಜಿ, ಮತ್ತು ನಾನು ಎಂದು ಅವರು ಹೇಳುತ್ತಾರೆ, ಅದೇ ಕ್ರಮದಲ್ಲಿ. ಆ ನೀರು ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸಿ 1035 ಮೆಗಾವಾಟ್ ಕೊಟ್ಟಿತು, ನಾಡಿನ ಊರೂರು ಬೆಳಗಿತು. ನೀರಿನಾಚೆ ತುಮರಿ ಕಡೆ ಉಳಿದವರು ಕತ್ತಲಲ್ಲಿ ಬಹಳ ಕಾಲ ಸೀಮೆಎಣ್ಣೆ ದೀಪ ಹಚ್ಚಿದರು. ಅಲ್ಲಿಗೆ ಲೈನು ಹೋದ ಮೇಲೆ, ಅದು ಕೆಟ್ಟಾಗಲೆಲ್ಲ ಲಾಂಚಿನಲ್ಲಿ ದಾಟಿಹೋಗಿ ಕಂಬ ಹತ್ತಿದವರಲ್ಲಿ ಮಾವನೂ ಒಬ್ಬರು. ಸಂಜೆಯ ಕೊನೆಯ ಲಾಂಚು ತಪ್ಪಬಾರದೆಂದು ಪ್ರತಿಸಲವೂ ಕೆಲಸ ಮುಗಿಸಿ ಓಡಿದ್ದೇ ಓಡಿದ್ದು. ಒಂದು ರಾತ್ರಿಯೂ ಆ ದಡದಲ್ಲಿ ಉಳಿದದ್ದಿಲ್ಲ.

ಈಗ ಸಿಗಂದೂರು ಸೇತುವೆ ಇದೆ. 2025ರ ಜುಲೈ 14ಕ್ಕೆ ಓಡಾಟಕ್ಕೆ ತೆರೆಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಎರಡು ಕಿಲೋಮೀಟರಿಗೂ ಉದ್ದ. ಓಮ್ನಿಯನ್ನು ಮಾವ ಎರಡನೇ ಗೇರಿನಲ್ಲೇ ಓಡಿಸಿದರು. ಹಿಂದಿನ ಗಾಡಿಯವರು ಹಾರ್ನ್ ಹೊಡೆದು ಮುಂದೆ ಹೋದರು. ಬೇಸಿಗೆಗೆ ನೀರು ಇಳಿದು ಕೆಂಪು ದಡ ಮೆಟ್ಟಿಲು ಮೆಟ್ಟಿಲಾಗಿ ಎದ್ದಿತ್ತು. ಅರವತ್ತು ವರ್ಷ ನೀರಲ್ಲಿ ನಿಂತ ಮರದ ಬೊಡ್ಡೆಗಳು, ಕಪ್ಪಗೆ, ಇನ್ನೂ ನಿಂತೇ ಇದ್ದವು. ಅತ್ತೆ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದರು. ಮಾವ ಎಡಕ್ಕೆ ಒಮ್ಮೆ ಕೈ ತೋರಿಸಿ, "ಅಲ್ಲೆಲ್ಲೋ" ಅಂದರು. ಅಷ್ಟೇ.

ದಡದ ಮೇಲೊಂದು ಮನೆ. ಅವರನ್ನು ಕೇಳಿ, ಅವರ ಬೇಲಿಯಾಚೆ, ಗೇರುಮರದ ನೆರಳು ತಾಗದ ಜಾಗ ನೋಡಿ ನಿಲ್ಲಿಸಿದೆವು. ಷಂಟಿನ ಮೀಟರು ನೂರಕ್ಕೆ 88 ತೋರಿಸುತ್ತಿತ್ತು. ಈ ಬ್ಯಾಟರಿಯಲ್ಲಿ ವೋಲ್ಟು ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು, ತುಂಬಿದ್ದರೂ 13.3, ಅರ್ಧ ಇದ್ದರೂ 13.2. ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಎಣಿಸುವ ಷಂಟೇ ಗತಿ. ಸಂಜೆ ಆರಕ್ಕೆ ಪಶ್ಚಿಮದಲ್ಲಿ ಮೋಡ ಕಟ್ಟಿತು. ಗಾಳಿ ಎದ್ದು ಹಿನ್ನೀರಿನ ಮೇಲೆ ತೆರೆ ಓಡಿದವು. ಹತ್ತು ನಿಮಿಷದ ಮಳೆ, ಎರಡು ಸಿಡಿಲು. ಎದುರು ಮನೆಯ ದೀಪ ಆರಿತು. ಅದರಾಚೆಯ ಮನೆಯದೂ.

ಮಾವ ಕತ್ತಲಲ್ಲಿ ಕತ್ತೆತ್ತಿ ಲೈನನ್ನೇ ನೋಡುತ್ತ ನಿಂತರು. "ಮರ ಬಿದ್ದಿರತ್ತೆ. ಇವತ್ತು ಬರಲ್ಲ."

ಸ್ವಲ್ಪ ಹೊತ್ತಿಗೆ ಮನೆಯ ಹುಡುಗ ಬಂದ, ಹತ್ತನೇ ಕ್ಲಾಸಿನವನಿರಬೇಕು, ಕೈಯಲ್ಲಿ ಎರಡು ಮೊಬೈಲು. "ಅಜ್ಜ, ನಿಮ್ಮಲ್ಲಿ ಕರೆಂಟಿದೆಯಲ್ಲ, ಸ್ವಲ್ಪ ಚಾರ್ಜಿಗೆ ಹಾಕ್ಕೊಡ್ತೀರಾ? ನಾಳೆ ಪರೀಕ್ಷೆ ಇದೆ." ಮಾವ ಎರಡನ್ನೂ ಇಸಿದುಕೊಂಡರು. "ಓದೋದಕ್ಕೆ ದೀಪ?" ಎಂದು ಕೇಳಿದರು. ಹುಡುಗ ಸುಮ್ಮನೆ ನಿಂತ.

ಓಮ್ನಿಯ ಮೂಲೆಯಲ್ಲಿ ಮಿಕ್ಕ ತಂತಿಯ ಸುರುಳಿ ಇತ್ತು, ನಾನು ಎಸ್‌ಪಿ ರೋಡಿನಿಂದ ತಂದಿದ್ದ ಅದೇ ಸಣ್ಣ ತಂತಿ. ಮಾವ ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಅದನ್ನು ಬಿಚ್ಚುತ್ತ ಹೋದರು. ಬೇಲಿಯ ಗೂಟದಿಂದ ಗೇರುಮರದ ಕೊಂಬೆಗೆ, ಅಲ್ಲಿಂದ ಜಗುಲಿಯ ಕಂಬಕ್ಕೆ, ನೆಲಕ್ಕೆ ತಾಗದ ಹಾಗೆ, ನಡೆಯುವವರ ತಲೆಗೆ ಸಿಗದ ಹಾಗೆ ಎತ್ತರಿಸಿ ಎಳೆದರು. ಐದು ವಾಟಿನ ಪಟ್ಟಿಯನ್ನು ಜಗುಲಿಯ ತೊಲೆಗೆ ಕಟ್ಟಿ, ಅಲ್ಲಿಂದಲೇ ಕೂಗಿದರು, "ಎಲ್‌ಸಿ ವಾಪಸ್! ಫ್ಯೂಸು ಹಾಕು."

ಹಾಕಿದೆ. ಜಗುಲಿಯಲ್ಲಿ ಬೆಳಕಾಯಿತು. ಹುಡುಗ ಪುಸ್ತಕ ತಂದು ಚಾಪೆಯ ಮೇಲೆ ಕೂತ. ಅವನ ಅಜ್ಜಿ ಬಾಗಿಲಿಗೆ ಒರಗಿ ನಿಂತು ಬೆಳಕನ್ನೇ ನೋಡುತ್ತಿದ್ದರು. ಒಳಗಿನಿಂದ ಇನ್ನೂ ಮೂರು ಮೊಬೈಲು ಬಂದವು, ಜೊತೆಗೆ ತಟ್ಟೆಯಲ್ಲಿ ಹಲಸಿನ ಹಪ್ಪಳ. ಹತ್ತೂವರೆಗೆ ಹುಡುಗ ಪುಸ್ತಕ ಮುಚ್ಚಿದ ಮೇಲೆಯೇ ಮಾವ ಮಲಗಿದ್ದು.

ಬೆಳಿಗ್ಗೆ ನಾನು ಟೆಂಟಿನಿಂದ ಹೊರಬರುವಾಗ ಮಾವ ಓಮ್ನಿಯ ಹಿಂಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು ಬರೆಯುತ್ತಿದ್ದರು. ಅತ್ತೆ ಬಯಲಲ್ಲಿ ಕಾಫಿಗೆ ನೀರಿಟ್ಟಿದ್ದರು. ಮೀಟರು 56. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದ ಕಾಲಂಗಳಲ್ಲಿ ಎಂದಿನ ಸಾಲುಗಳು: ಫ್ಯಾನು 224, ದೀಪ 60. ಅದರ ಕೆಳಗೆ ಹೊಸದಾಗಿ ಎರಡು ಸಾಲು.

ಮೊಬೈಲು ಐದು: 110.
ಜಗುಲಿ ದೀಪ: 20.

ಪೆನ್ನು ಜೇಬಿಗೆ ಸಿಕ್ಕಿಸಿ, ಹಳೆಯ ಪಂಚೆಯ ತುಂಡು ಹಿಡಿದು, ಬಂಪರಿನ ಮೇಲೆ ಕಾಲಿಟ್ಟು ಮಾವ ಮೇಲೆ ಹತ್ತಿದರು. ರಾತ್ರಿಯ ಮಳೆಗೆ ಗೇರುಮರದ ಎಲೆಗಳು ಹಲಗೆಗಳ ಮೇಲೆ ಅಂಟಿಕೊಂಡಿದ್ದವು. ಒಂದೊಂದಾಗಿ ತೆಗೆದು ಕೆಳಗೆ ಬಿಟ್ಟು, ಗಾಜನ್ನು ಮೂಲೆಯಿಂದ ಮೂಲೆಗೆ ಒರೆಸತೊಡಗಿದರು. ಹಿನ್ನೀರಿನಾಚೆ ಗುಡ್ಡದ ಮೇಲೆ ಬಿಸಿಲು ಬಂದಿತ್ತು.